ನೆಲಕ್ಕೆ ಕಾಲಿಡದ ಖೊ-ಖೊ ಟೀಚರು

ಕೋವಿಡ್ ಗದ್ದಲ ಇಳಿದ ಮರುವರ್ಷ, ಅಂದರೆ 2022ರಲ್ಲಿ, ನಾನು ಯಲಬುರ್ಗಾ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞೆಯಾಗಿದ್ದೆ. ನಿವೃತ್ತಿ ಹತ್ತಿರದಲ್ಲೇ ಇತ್ತು. ಗಂಗಾವತಿಯಲ್ಲಿ ಹುಟ್ಟಿ ಬೆಳೆದವಳು, ಬಾಯಿ ಸ್ವಲ್ಪ ಜೋರು. ಬಸುರಿಯರಿಗಿಂತ ಅವರ ಅತ್ತೆಯರನ್ನೇ ಹೆಚ್ಚು ಬೈದಿದ್ದೇನೆ. "ಮೇಡಮ್ಮಾರು ಬೈತಾರ, ಆದ್ರ ಹೆರಿಗಿ ಛಲೋ ಮಾಡಿಸ್ತಾರ" ಎಂದು ಸುತ್ತಲ ಹಳ್ಳಿಗಳಲ್ಲಿ ಹೆಸರಿತ್ತು. ಆ ಹೆಸರು ಈ ಪ್ರಕರಣದಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಆಕೆಯನ್ನು ಇಲ್ಲಿ ಶಿವಲೀಲಾ ಎಂದು ಕರೆಯುತ್ತೇನೆ. ತಳಕಲ್ ಊರಿನ ಸೊಸೆ. ಕಾಲೇಜಿನಲ್ಲಿದ್ದಾಗ ಖೊ-ಖೊ ಆಡಿ ಹೆಸರು ಮಾಡಿದವಳು, ಮದುವೆಯಾದ ಮೇಲೆ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದಳು. ಗಂಡ ಗಿಣಿಗೇರಾದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದ. ಅತ್ತೆ ಬಸಮ್ಮ ಮನೆಯ ಯಜಮಾನಿ. ಗಟ್ಟಿ ಹೆಂಗಸು, ಕೆಟ್ಟವಳಲ್ಲ. ಉಳುಕು ತೆಗೆಯುವುದರಲ್ಲಿ, ಎಣ್ಣೆ ಹಚ್ಚಿ ತಿಕ್ಕುವುದರಲ್ಲಿ ಅವಳ ಕೈ ಪಳಗಿದ ಕೈ. ಓಣಿಯಲ್ಲಿ ಯಾರ ಸೊಂಟ ಹಿಡಿದರೂ ಅವಳ ಕಟ್ಟೆಗೇ ಬರುತ್ತಿದ್ದರು.

ಶಿವಲೀಲಾ ಮೊದಲು ನನ್ನ ಬಳಿ ಬಂದಾಗ ಆಗಲೇ ಒಂದು ಗರ್ಭ ಹೋಗಿತ್ತು. ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋಗಿತ್ತು. ಅದರ ಹಿಂದಿನ ದಿನ ಶಾಲೆಯಲ್ಲಿ ಕ್ರೀಡಾಕೂಟವಿತ್ತು.

"ಅವತ್ತು ಹುಡುಗ್ಯಾರ ಜೋಡಿ ನಾನೂ ಓಡಿದ್ನಿರಿ ಮೇಡಂ," ಎಂದು ಹೇಳುವಾಗ ಆಕೆ ತಲೆ ಎತ್ತಲಿಲ್ಲ.

ಪಕ್ಕದಲ್ಲಿದ್ದ ಬಸಮ್ಮ, "ಅಕಿ ಗ್ರೌಂಡಿನ್ಯಾಗ ಕುಣ್ಯೋದು ಬಿಡವಲ್ಲಳು. ಮತ್ತ ಉಳೀತೈತೇನ್ರಿ?" ಎಂದಳು.

ನಾನು ಇಬ್ಬರನ್ನೂ ಕೂರಿಸಿ ವಿವರಿಸಿದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಗರ್ಭಗಳಲ್ಲಿ ಹೆಚ್ಚಿನವು ಪಿಂಡದ ರಚನೆಯಲ್ಲೇ, ಅಂದರೆ ಕ್ರೋಮೋಸೋಮ್‌ಗಳಲ್ಲೇ, ದೋಷವಿದ್ದು ನಿಲ್ಲದೆ ಹೋಗುತ್ತವೆ. ತಾಯಿ ಓಡಿದರೂ ಹೋಗುತ್ತವೆ, ಮಲಗಿದ್ದರೂ ಹೋಗುತ್ತವೆ. ಆರೋಗ್ಯವಾಗಿರುವ ಬಸುರಿ ನಡೆಯಬೇಕು, ಮನೆಗೆಲಸ ಮಾಡಬೇಕು, ರೂಢಿಯಿದ್ದ ವ್ಯಾಯಾಮವನ್ನು ಹಗುರ ಮಾಡಿಕೊಂಡು ಮುಂದುವರಿಸಬೇಕು. ಅಳತೆ ಸರಳ: ವ್ಯಾಯಾಮ ಮಾಡುತ್ತಲೇ ಪಕ್ಕದವರ ಜೊತೆ ಮಾತಾಡಲು ಬಂದರೆ ಸರಿ, ಏದುಸಿರು ಬಂದರೆ ಹೆಚ್ಚಾಯಿತು. ಬೀಳುವ, ಡಿಕ್ಕಿ ಹೊಡೆಯುವ ಆಟ ಬೇಡ, ಹಾಗಾಗಿ ಖೊ-ಖೊ ಹೆರಿಗೆ ಆಗುವತನಕ ಬಂದ್. ರಕ್ತ ಕಂಡರೆ, ತಲೆ ತಿರುಗಿದರೆ, ಎದೆ ನೋವಾದರೆ, ಒಂದೇ ಕಾಲು ಬಾತರೆ ಎಲ್ಲ ಬಿಟ್ಟು ಆಸ್ಪತ್ರೆಗೆ ಬರಬೇಕು. ಇಷ್ಟನ್ನೂ ಹೇಳಿದೆ. ಶಿವಲೀಲಾ ಕೇಳಿಸಿಕೊಂಡಳು. ಬಸಮ್ಮ ಗೋಡೆಯ ಮೇಲಿನ ಲಸಿಕೆಯ ಪೋಸ್ಟರು ನೋಡುತ್ತಿದ್ದಳು.

ವರ್ಷದೊಳಗೆ ಎರಡನೆಯ ಗರ್ಭ ನಿಂತಿತು. ಐದನೇ ತಿಂಗಳಲ್ಲಿ ತೋರಿಸಲು ಬಂದಾಗ ಶಿವಲೀಲಾಳ ಗುರುತೇ ಸಿಗಲಿಲ್ಲ. ಮುಖ ಊದಿಕೊಂಡಿತ್ತು, ಬಣ್ಣ ಬಿಳಿಚಿತ್ತು. ಗಂಡ ಅವಳನ್ನು ಎರಡೂ ತೋಳಲ್ಲಿ ಹಿಡಿದು ಗಾಡಿಯಿಂದ ಇಳಿಸಿದ. ಶಾಲೆಯ ಕೆಲಸ ಬಿಡಿಸಿ ಆಗಲೇ ಮೂರು ತಿಂಗಳಾಗಿತ್ತು.

"ನೆಲಕ್ಕ ಕಾಲ ಇಡಿಸಿಲ್ರಿ ಮೇಡಮ್ಮಾರ, ಹೂವಿನಂಗ ನೋಡ್ಕೊಂಡೀವಿ," ಎಂದಳು ಬಸಮ್ಮ, ಹೆಮ್ಮೆಯಿಂದ. "ಉಣ್ಣೋದು ಹಾಸಿಗ್ಯಾಗ, ತಲಿ ಹಿಕ್ಕೋದು ಹಾಸಿಗ್ಯಾಗ. ಬಚ್ಚಲಕ್ಕೂ ನಾನ ಹಿಡ್ಕೊಂಡು ಹೋಕ್ಕೀನಿ."

ನನ್ನ ಪಿತ್ತ ನೆತ್ತಿಗೇರಿತು. "ಯವ್ವಾ ಬಸಮ್ಮಾ, ಬಸರಾಗ್ಯಾಳ ಅಕಿ, ಜಡ್ಡಿಗೆ ಬಿದ್ದಿಲ್ಲ!" ಎಂದು ಕೂಗಿಯೇಬಿಟ್ಟೆ. ಸ್ಕ್ಯಾನ್ ಸರಿಯಿತ್ತು, ಬಿ.ಪಿ. ಸರಿಯಿತ್ತು, ಮಾಸು ಇರಬೇಕಾದ ಜಾಗದಲ್ಲೇ ಇತ್ತು. ಮಲಗಿಸಿ ಇಡಲು ಒಂದೇ ಒಂದು ಕಾರಣವಿರಲಿಲ್ಲ. ಬಸುರಿಯ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುತ್ತದೆ, ಹೆರಿಗೆಯಲ್ಲಿ ರಕ್ತ ಹರಿದುಹೋಗಬಾರದೆಂದು ದೇಹ ಮಾಡಿಕೊಳ್ಳುವ ಏರ್ಪಾಡದು. ಬೆಳೆದ ಗರ್ಭಕೋಶ ಕಾಲಿನ ರಕ್ತ ಮೇಲೇರುವ ದಾರಿಯನ್ನು ಒತ್ತುತ್ತದೆ. ನಡೆದಾಗ ಮೀನಖಂಡದ ಸ್ನಾಯು ಹಿಂಡಿ ಆ ರಕ್ತವನ್ನು ಮೇಲೆ ನೂಕುತ್ತದೆ. ತಿಂಗಳುಗಟ್ಟಲೆ ಮಲಗಿಸಿದರೆ ರಕ್ತ ಅಲ್ಲೇ ಮಡುಗಟ್ಟುತ್ತದೆ. ಇದನ್ನೂ ಬಿಡಿಸಿ ಹೇಳಿದೆ.

"ನಿಮಗೇನ್ರಿ, ಹೇಳಿ ಕೈ ತೊಳಕೋತೀರಿ. ಹೋಗಿದ್ದು ನಮ್ಮ ಮನಿ ಕೂಸು," ಎಂದಳು ಬಸಮ್ಮ.

ಅವಳು ಔಷಧಿ ತರಲು ಹೊರಗೆ ಹೋದಾಗ ನಾನು ಶಿವಲೀಲಾಳನ್ನೇ ಕೇಳಿದೆ, "ಓದಿದಾಕಿ, ಆಟ ಆಡಿದಾಕಿ ನೀನು. ನಿನಗ ತಿಳಿಯಂಗಿಲ್ಲೇನ?"

"ತಿಳಿತೈತ್ರಿ," ಎಂದಳು. "ಆದ್ರ ಹೋದ ಸಲ ನಾನ ಕಳಕೊಂಡೆ ಅಂತ ಮನ್ಯಾಗ ಎಲ್ಲಾರೂ ಅಂತಾರ. ಈ ಸಲ ಅವರು ಹೇಳಿದಂಗ ಕೇಳಿ, ಒಂದು ಕೂಸು ಅವರ ಉಡ್ಯಾಗ ಹಾಕಿಬಿಡ್ತೀನ್ರಿ. ಆಮ್ಯಾಲ ನನ್ನ ಗ್ರೌಂಡು ನನಗ."

ಕನಿಷ್ಠ ಅಂಗಳದಲ್ಲಾದರೂ ಅಡ್ಡಾಡುತ್ತೇನೆಂದು ಮಾತು ಕೊಟ್ಟು ಹೋದಳು. ಆಮೇಲೆ ತಪಾಸಣೆಗೆ ಬರಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕಳಿಸಿದೆ, ಗಂಡನಿಗೆ ಫೋನ್ ಮಾಡಿಸಿದೆ. "ಗಾಡ್ಯಾಗ ಕುಲುಕಾಡ್ತೈತಿ, ಅವ್ವ ಬ್ಯಾಡ ಅಂತಾಳ" ಎಂದನಂತೆ.

ಎಂಟನೇ ತಿಂಗಳು ಹತ್ತಿರವಾಗಿತ್ತು. ಒಂದು ಮುಂಜಾನೆ, ಒಪಿಡಿ ಆಗಷ್ಟೇ ಶುರುವಾಗಿತ್ತು, ಟಂಟಂ ಗಾಡಿಯಲ್ಲಿ ಶಿವಲೀಲಾಳನ್ನು ಕರೆತಂದರು. ತುಟಿ ನೀಲಿಗಟ್ಟಿತ್ತು. ಒಂದು ಮಾತಾಡಲು ನಾಲ್ಕು ಸಲ ಉಸಿರೆಳೆಯುತ್ತಿದ್ದಳು. ಎದೆ ಚುಚ್ಚುತ್ತದೆ ಎಂದು ಸನ್ನೆ ಮಾಡಿದಳು. ಸೀರೆ ಸರಿಸಿ ನೋಡಿದರೆ ಎಡಗಾಲು ಬಲಗಾಲಿಗಿಂತ ದಪ್ಪ, ಕೆಂಪು, ಮುಟ್ಟಿದರೆ ಬಿಸಿ. ಇಡೀ ಕಾಲು ಎಣ್ಣೆಯಿಂದ ಜಿಡ್ಡಾಗಿತ್ತು.

"ಈ ಎಣ್ಣಿ ಏನು?" ಎಂದೆ.

"ಮಲಗಿ ಮಲಗಿ ನರ ಹಿಡದಿತ್ರಿ," ಎಂದಳು ಬಸಮ್ಮ. "ಔಡಲೆಣ್ಣಿ ಕಾಸಿ ತಿಕ್ಕೀನಿ. ಮುಂಜಾನಿ, ಸಂಜಿಕೆ. ಇವತ್ತ ಬಿರುಸಾಗಿ ತಿಕ್ಕಿದೆ, ಬಾವು ಇಳೀಲಿ ಅಂತ. ತಿಕ್ಕಾಕತ್ತಾಗನ ಉಸರು ಹಿಡೀತ್ರಿ."

ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದಕ್ಕೆ ಡೀಪ್ ವೆಯಿನ್ ಥ್ರಾಂಬೋಸಿಸ್ ಎನ್ನುತ್ತೇವೆ. ಆ ಹೆಪ್ಪು ಕಿತ್ತುಕೊಂಡು, ರಕ್ತದ ಜೊತೆ ಮೇಲೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಪಲ್ಮನರಿ ಎಂಬಾಲಿಸಂ. ಅಂಥ ಕಾಲನ್ನು ತಿಕ್ಕಲೇಬಾರದು. ತಿಕ್ಕಿದರೆ ಹೆಪ್ಪು ಕಿತ್ತುಬರಬಹುದು.

ಆಕ್ಸಿಜನ್ ಹಾಕಿ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಟ್ಟು, ಕೊಪ್ಪಳದ ದೊಡ್ಡಾಸ್ಪತ್ರೆಗೆ ಫೋನ್ ಮಾಡಿ, ಆಂಬುಲೆನ್ಸಿನಲ್ಲಿ ನಾನೇ ಹತ್ತಿದೆ. ದಾರಿಯುದ್ದಕ್ಕೂ ಆಕೆ ನನ್ನ ಮಣಿಕಟ್ಟು ಹಿಡಿದಿದ್ದಳು. ಆಟಗಾರ್ತಿಯ ಹಿಡಿತ, ನೋಯುತ್ತಿತ್ತು. ಒಮ್ಮೆ ಮಾಸ್ಕ್ ಸರಿಸಿ, "ಮೇಡಂ, ನಾನು ಈ ಸಲ ಓಡಿಲ್ರಿ," ಎಂದಳು. "ನಿನ್ನ ತಪ್ಪು ಏನೂ ಇಲ್ಲವ್ವ. ಹೋದ ಸಲನೂ ಇದ್ದಿಲ್ಲ," ಎಂದೆ. ಕೇಳಿಸಿತೋ ಇಲ್ಲವೋ ತಿಳಿಯದು.

ಕೊಪ್ಪಳದಲ್ಲಿ ಸ್ಟ್ರೆಚರಿನಿಂದ ಮಂಚಕ್ಕೆ ಎತ್ತುವಾಗಲೇ ನಾಡಿ ಹೋಯಿತು. ಇಷ್ಟು ತಿಂಗಳಾದ ಬಸುರಿಯ ಹೃದಯ ನಿಂತರೆ ಎದೆ ಒತ್ತುತ್ತಲೇ ಕೂಸನ್ನು ಕೂಡಲೇ ಹೊರತೆಗೆಯಬೇಕು, ತಾಯಿಗೂ ಮಗುವಿಗೂ ಅದೇ ಕೊನೆಯ ಅವಕಾಶ. ಥಿಯೇಟರಿಗೆ ಒಯ್ಯುವಷ್ಟೂ ಸಮಯವಿರಲಿಲ್ಲ. ಅಲ್ಲೇ ಮಾಡಿದೆವು. ಅಲ್ಲಿನ ಯುವ ವೈದ್ಯರು ಎದೆ ಒತ್ತುವುದನ್ನು ಎಷ್ಟು ಹೊತ್ತಾದರೂ ಬಿಡಲಿಲ್ಲ, ಕೊನೆಗೆ ನಾನೇ ಅವರ ಭುಜ ಮುಟ್ಟಿ ಸಾಕು ಎಂದೆ. ಹೆಣ್ಣು ಕೂಸು ಉಳಿಯಿತು. ಶಿವಲೀಲಾ ಉಳಿಯಲಿಲ್ಲ.

ದಿನಕರ್ಮ ಮುಗಿಯುವುದರೊಳಗೆ ಊರು ತನ್ನ ತೀರ್ಪು ಕೊಟ್ಟಾಗಿತ್ತು. ಆಶಾ ಕಾರ್ಯಕರ್ತೆ ಬಂದು ಹೇಳಿದಳು: "ಆಟ ಆಡಿ ಆಡಿ ಅಕಿ ಒಳಗ ಎಲ್ಲಾ ಸಡಲಾಗಿತ್ತಂತ, ಅದಕ್ಕ ಹೋದಳಂತ ಮಂದಿ ಮಾತಾಡಾಕತ್ತಾರ್ರಿ ಮೇಡಂ." ಆಕೆಯ ಶಾಲೆಯಲ್ಲಿ ಕೆಲವರು ತಮ್ಮ ಹುಡುಗಿಯರನ್ನು ಖೊ-ಖೊ ತಂಡದಿಂದ ಬಿಡಿಸಿದರಂತೆ. ನನಗೆ ಸಿಟ್ಟಿನಿಂದ ಕಣ್ಣಲ್ಲಿ ನೀರು ಬಂತು. ಆಕೆಯ ಜೀವನದಲ್ಲಿ ಒಳ್ಳೆಯದು ಅಂತ ಯಾವುದಿತ್ತೋ ಅದರ ತಲೆಗೇ ಸಾವನ್ನು ಕಟ್ಟಿದ್ದರು.

ಬಸಮ್ಮನಿಗೆ ನಿಜ ಹೇಳಬೇಕೋ ಬೇಡವೋ ಎಂಬುದು ನನ್ನ ಮುಂದಿದ್ದ ಪ್ರಶ್ನೆ. ಸಹೋದ್ಯೋಗಿಯೊಬ್ಬರು, "ಬಿಡ್ರಿ, ಸತ್ತಾಕಿ ಬರಂಗಿಲ್ಲ, ಇದ್ದಾಕಿನ್ನ ಯಾಕ ಸಾಯಿಸ್ತೀರಿ?" ಎಂದರು. ಆ ಮಾತಿಗೂ ತೂಕವಿತ್ತು. ಆದರೆ ಓಣಿಯ ಬಸುರಿಯರ ಬಾತ ಕಾಲುಗಳು ನಾಳೆ ಮತ್ತೆ ಅದೇ ಕಟ್ಟೆಗೆ ಬರುತ್ತವೆ.

ನವಜಾತ ಶಿಶುಗಳ ವಾರ್ಡಿನ ಹೊರಗೆ ಬಸಮ್ಮ ದಿನವೂ ಕೂರುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಜೀವನದಲ್ಲಿ ಮೊದಲ ಸಲ ಒಬ್ಬ ಅತ್ತೆಯೊಡನೆ ದನಿ ಏರಿಸದೆ ಮಾತಾಡಿದೆ. ಓಟದಿಂದ ಯಾವುದೂ ಆಗಿಲ್ಲ ಎಂದೆ. ಮಲಗಿಸಿದ್ದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬೇಕು, ಆ ಹೆಪ್ಪು ಎದೆಗೆ ಹೋಯಿತು ಎಂದೆ.

ಬಸಮ್ಮ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಕೇಳಿದಳು: "ನಾ ತಿಕ್ಕಿದ್ದಕ್ಕ ಹೋತೇನ್ರಿ ಅದು?"

"ಹೌದು ಅಂತ ಖಾತ್ರಿ ಹೇಳಾಕ ಆಗಂಗಿಲ್ಲ ಬಸಮ್ಮ. ತಾನಾಗೂ ಹೋಗಬಹುದಿತ್ತು. ಅಲ್ಲ ಅಂತ ಹೇಳಾಕೂ ನನಗ ಆಗಂಗಿಲ್ಲ."

ಅವಳು ಅಳಲಿಲ್ಲ. ಸೆರಗು ಬಿಗಿಯಾಗಿ ಹೊದ್ದುಕೊಂಡು ನನ್ನ ಕಡೆ ತಿರುಗಿದಳು.

"ಯಾಕ ಹೇಳಿದ್ರಿ ಮೇಡಮ್ಮಾರ? ತಪ್ಪು ಆಟದ ಮ್ಯಾಲ ಹಾಕಿ ಹೆಂಗರ ಬದುಕ್ತಿದ್ನಲ್ಲ ನಾನು."

ನಿವೃತ್ತಿಯ ನಂತರ ಯುವ ವೈದ್ಯರ ಮುಂದೆ ಮಾತಾಡಲು ಕರೆದಾಗಲೆಲ್ಲ ಈ ಪ್ರಕರಣವನ್ನೇ ಹೇಳುತ್ತೇನೆ. ಬಸುರಿಯನ್ನು ನಡೆಸಿ, ಕಾರಣವಿಲ್ಲದೆ ಮಲಗಿಸಬೇಡಿ, ಒಂಟಿ ಕಾಲು ಬಾತರೆ ತಿಕ್ಕಲು ಬಿಡಬೇಡಿ ಎನ್ನುತ್ತೇನೆ. ಅದು ಪುಸ್ತಕದಲ್ಲೂ ಇದೆ. ವೃತ್ತಿ ನನಗೆ ಕಲಿಸಿದ್ದು ಬೇರೆ: ಒಂದು ಗರ್ಭ ಹೋದಾಗ ಯಾವುದರ ಮೇಲೆ ತಪ್ಪು ಹೊರಿಸುತ್ತಾರೆಂದು ಅವತ್ತೇ ಕೇಳಬೇಕು, ಆ ತಪ್ಪನ್ನು ಅವತ್ತೇ ಇಳಿಸಬೇಕು, ಒಮ್ಮೆ ಹೇಳಿದರೆ ಸಾಲದು, ಅವರು ನಂಬುವತನಕ ಹೇಳಬೇಕು. ಬಸಮ್ಮನಿಗೆ ಹೇಳಿದ್ದು ಸರಿಯೆಂದೇ ಇವತ್ತಿಗೂ ನನ್ನ ತೀರ್ಮಾನ. ಯಾಕೆ ಹೇಳಿದಿರಿ ಎಂದು ಆಕೆ ಕೇಳಿದ್ದನ್ನೂ ಆ ಯುವ ವೈದ್ಯರಿಗೆ ಬಿಡದೆ ಹೇಳುತ್ತೇನೆ.