ಪರ್ಚೇಸ್ ಆರ್ಡರಿಗಿಂತ ಮೊದಲೇ ಹೋದ ಎಲಾಸ್ಟಿಕ್

2007ರಲ್ಲಿ ನಾನು ಕೊಯಮತ್ತೂರಿನ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಇಂಪ್ಲಿಮೆಂಟೇಶನ್ ಎಂಜಿನಿಯರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ವ್ಯಾಪಾರಿಗಳ ಆಫೀಸಿಗೆ ಹೋಗಿ, ಅವರು ಆಗಲೇ ಬಳಸುತ್ತಿದ್ದ ಅಕೌಂಟಿಂಗ್ ಸಾಫ್ಟ್‌ವೇರಿಗೆ ನಮ್ಮ ಪುಟ್ಟ ಪ್ರೋಗ್ರಾಮನ್ನು ಜೋಡಿಸಿ, ಅದು ಸರಿಯಾಗಿ ನಡೆಯುವ ತನಕ ಅವರಿಂದ ಬೈಸಿಕೊಳ್ಳುವುದು. ಗದಗಿನಿಂದ ಹೋದವಳಿಗೆ ತಮಿಳಿನಲ್ಲಿ ಬೈಸಿಕೊಳ್ಳುವುದು ಮೊದಲ ವರ್ಷ ಬಹಳ ಸುಖವಾಗಿತ್ತು, ಏನೂ ಅರ್ಥವಾಗುತ್ತಿರಲಿಲ್ಲ. ಎರಡನೆಯ ವರ್ಷದಿಂದ ಆಗತೊಡಗಿತು.

ಆ ವರ್ಷ ನನಗೆ ಸಿಕ್ಕ ಗಿರಾಕಿ ಸೋಮನೂರಿನ ರಂಗಸಾಮಿ ಗೌಡರ್. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಬೇಕಾದ ಎಲಾಸ್ಟಿಕ್, ಹೊಲಿಗೆ ದಾರ, ಗುಂಡಿ, ಝಿಪ್ಪುಗಳ ಸಗಟು ವಿತರಕರು. ತಲೆಮಾರುಗಳ ಹಿಂದೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನ. ಕನ್ನಡ ಓದಲು ಅವರಲ್ಲಿ ಯಾರಿಗೂ ಬಾರದು, ಮನೆಯೊಳಗೆ ಮಾತ್ರ ತಮಿಳಿನ ರಾಗದಲ್ಲಿ ಕನ್ನಡವನ್ನೇ ಆಡುತ್ತಿದ್ದರು. ನಾನು ಕನ್ನಡದವಳೆಂದು ತಿಳಿದ ಕೂಡಲೇ ಗೌಡರು ಕೂಗಿದ್ದು ನನ್ನನ್ನಲ್ಲ, ಒಳಗಿದ್ದವರನ್ನು: "ಏ, ನಮ್ ಬಾಸೆ ಹೆಣ್ಣು ಬಂದದೆ, ಕಾಪಿ ತತ್ತಾ!" ಆಮೇಲೆ ನನ್ನ ಭಾಷೆಯನ್ನು ಎರಡು ನಿಮಿಷ ಕೇಳಿ, "ಇದ್ಯಾವ ಊರ್ ಕನ್ನಡ ಅಮ್ಮಣಿ, ಜಗಳಾಡ್ದಂಗೆ ಐತೆ?" ಎಂದರು. ಗದಗಿನ ಮಾತಿಗೆ ಅಂಥ ಪ್ರಶಸ್ತಿ ಮೊದಲ ಸಲವೇನೂ ಅಲ್ಲ.

ಅವರ ಸೊಸೆ ಕಲ್ಪನಾ ಬಿಕಾಂ ಓದಿದವಳು. ಆಫೀಸಿನಲ್ಲಿ ಅವಳ ಕೆಲಸ ಪರ್ಚೇಸ್ ಆರ್ಡರ್ ಏರಿಸುವುದು. ಕೊಳ್ಳುವ ಕಾರ್ಖಾನೆ 'ನಮಗೆ ಇಂಥ ಮಾಲು, ಇಷ್ಟು' ಎಂದು ಬರೆದು ಕಳಿಸುವ ಕಾಗದವೇ ಪರ್ಚೇಸ್ ಆರ್ಡರ್, ಅದಕ್ಕೆ ಪಿ.ಒ. ಎನ್ನುತ್ತಿದ್ದರು. ಮಾರುವವರು ಅದನ್ನು ತಮ್ಮ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಮತ್ತೆ ಟೈಪ್ ಮಾಡಬೇಕು. ಹಾಗೆ ಏರಿಸಿದ ಮೇಲೆಯೇ ಬಿಲ್ಲು, ಲೆಕ್ಕ ಎಲ್ಲ. ಅಷ್ಟು ಹೊತ್ತಿಗೆ ಬಹುಪಾಲು ಪಿ.ಒ.ಗಳು ಇಮೇಲಿನಲ್ಲಿ ಎಕ್ಸೆಲ್ ಫೈಲಾಗಿಯೇ ಬರುತ್ತಿದ್ದವು. ಕಲ್ಪನಾ ಅವನ್ನು ಒಂದು ಪರದೆಯಲ್ಲಿ ನೋಡಿ ಇನ್ನೊಂದರಲ್ಲಿ ಟೈಪ್ ಮಾಡುತ್ತ ಬೆಳಗಿನಿಂದ ಸಂಜೆಯ ತನಕ ಕುರ್ಚಿ ಬಿಟ್ಟೇಳುತ್ತಿರಲಿಲ್ಲ.

ಅವಳಿಗೆ ಬೇಕಾಗಿದ್ದು ಬೇರೆಯೇ. ತಿರುಪ್ಪೂರಿನಲ್ಲಿ ಒಂದು ಅಂಗಡಿ. ಗಿರಾಕಿಗಳೆಲ್ಲ ಅಲ್ಲಿ, ಮಾಲು ಮಾತ್ರ ಸೋಮನೂರಿನಲ್ಲಿ, ಇದು ಯಾವ ವ್ಯಾಪಾರ ಎಂದು ಅವಳ ವಾದ. "ಅಕ್ಕಾ, ನಾಕು ಝಿಪ್ಪು ಕಮ್ಮಿ ಬಿದ್ರೆ ಅವ್ರು ನಮ್ಗೆ ಫೋನ್ ಮಾಡಲ್ಲ, ಪಕ್ಕದ ಬೀದೀಲೇ ತಗೋತಾರೆ. ಆ ಪಕ್ಕದ ಬೀದೀಲಿ ನಾವಿರ್ಬೇಕು," ಎಂದು ನನಗೆ ಮೊದಲ ದಿನವೇ ಹೇಳಿದ್ದಳು. ಗೌಡರಿಗೆ ಅದು ಒಪ್ಪಿಗೆಯಿಲ್ಲ. ಫೋನಿರುವಾಗ ಅಂಗಡಿ ಏಕೆ ಎಂಬುದು ಅವರ ಮೊದಲ ತಕರಾರು. ಎರಡನೆಯದಕ್ಕೆ ಅವಳ ಬಳಿ ಉತ್ತರವಿರಲಿಲ್ಲ: "ಇವ್ಳು ತಿರುಪ್ಪೂರ್ಕೆ ಹೋದ್ರೆ ಇಲ್ಲಿ ಆರ್ಡರ್ ಏರ್ಸೋದು ಯಾರು? ನಾನಾ?"

ಆ ಉತ್ತರ ಹುಡುಕಿಕೊಂಡೇ ಅವಳು ನಮ್ಮ ಸಂಸ್ಥೆಗೆ ಬಂದಿದ್ದಳು. ಗೌಡರು ನನ್ನೆದುರಿಗೇ ಷರತ್ತು ಹಾಕಿದರು. "ನಿನ್ ಮಿಷಿನ್ನು ಒಂದ್ ತಿಂಗ್ಳು ತಪ್ಪಿಲ್ದೆ ಏರಿಸ್ಲಿ. ಅಪ್ಪುರಂ, ತಿಂಗ್ಳಾದ್ಮೇಲೆ, ಇವ್ಳು ಎಲ್ ಬೇಕಾದ್ರೂ ಅಂಗ್ಡಿ ಇಕ್ಲಿ. ತಪ್ಪಿತಾ, ಮತ್ತೆ ಆ ಮಾತು ಎತ್ತಬಾರ್ದು." ಕಲ್ಪನಾ ತಕ್ಷಣ ತಲೆಯಾಡಿಸಿದಳು. ನನ್ನ ಪ್ರೋಗ್ರಾಮಿನ ಮೇಲೆ ನನಗಿಂತ ಅವಳಿಗೇ ಹೆಚ್ಚು ಭರವಸೆ.

ಪ್ರೋಗ್ರಾಮು ಮಾಡಬೇಕಾದದ್ದು ಕೇಳಲು ಸುಲಭ. ಇಮೇಲಿನ ಎಕ್ಸೆಲ್ ಫೈಲನ್ನು ಓದಬೇಕು, ಅಕೌಂಟಿಂಗ್ ಸಾಫ್ಟ್‌ವೇರಿಗೆ ಅರ್ಥವಾಗುವ ರೂಪಕ್ಕೆ ತಿರುಗಿಸಿ ಒಳಗೆ ಕಳಿಸಬೇಕು, ಗೋಡೌನಿನ ಪ್ರಿಂಟರಿನಲ್ಲಿ 'ಇದನ್ನು ಕಳಿಸಿ' ಎಂಬ ಡೆಲಿವರಿ ಸ್ಲಿಪ್ಪು ಮುದ್ರಿಸಬೇಕು. ತೊಡಕಿದ್ದದ್ದು ಹೆಸರುಗಳಲ್ಲಿ. ಒಂದೇ ಬಿಳಿ ಎಲಾಸ್ಟಿಕ್ಕನ್ನು ಒಬ್ಬರು ಅಗಲದಿಂದ ಕರೆದರೆ ಇನ್ನೊಬ್ಬರು 'ಸೊಂಟದ ಪಟ್ಟಿ' ಎನ್ನುವರು, ಮತ್ತೊಬ್ಬರು 'ಹೋದ ಸಲದ್ದೇ' ಎಂದು ಬರೆದು ಕೈತೊಳೆದುಕೊಳ್ಳುವರು. ಯಾರು ಯಾವುದನ್ನು ಏನೆನ್ನುತ್ತಾರೆ ಎಂಬ ಕೋಷ್ಟಕವನ್ನು, ಅಂದರೆ ಮ್ಯಾಪಿಂಗ್ ಟೇಬಲನ್ನು, ಕಲ್ಪನಾಳ ಪಕ್ಕ ಕುರ್ಚಿ ಹಾಕಿಕೊಂಡು ಕಟ್ಟಿದೆ. ನನ್ನ ಗಮನವೆಲ್ಲ ಪರದೆಯ ಮೇಲೆ.

ಅವಳ ಗಂಡ ಸೆಂದಿಲ್ ಪಕ್ಕದ ಗೋಡೌನು ನೋಡಿಕೊಳ್ಳುತ್ತಿದ್ದ. ನಡುವೆ ಒಂದು ಅರ್ಧ ಗೋಡೆ. ಕಲ್ಪನಾ ಟೈಪ್ ಮಾಡುತ್ತ ಮಾಡುತ್ತ ಆ ಕಡೆಗೆ "ಪೋಯಾಚ್ಚಾ?" ಎನ್ನುವಳು, ಹೋಯಿತಾ ಎಂದು. ಅವನು "ಪೋಯಾಚ್ಚು!" ಎನ್ನುವನು, ಒಮ್ಮೊಮ್ಮೆ "ಇಲ್ಲೆ!", ಇಲ್ಲ ಎಂದು. ದಿನವಿಡೀ ಇದೇ ನಡೆಯುತ್ತಿತ್ತು. ಹೋದದ್ದು ಬಿಸಿಲೋ, ಕರೆಂಟೋ, ಶಾಲೆಯ ವ್ಯಾನೋ, ಗಂಡ ಹೆಂಡತಿಯ ಮಾತು, ನಮಗೇಕೆ ಎಂದು ಮರ್ಯಾದೆಯಿಂದ ಕಿವಿ ಮುಚ್ಚಿಕೊಂಡು ಕೂತಿದ್ದೆ. ಆ ಮರ್ಯಾದೆಯೇ ಮುಂದೆ ದುಬಾರಿಯಾಯಿತು.

ಎಲ್ಲ ಸಿದ್ಧವಾದಾಗ ಆಡಿ ಮಾಸ, ನಮ್ಮ ಆಷಾಢದಂತೆ. ಹೊಸದೇನನ್ನೂ ಶುರುಮಾಡುವಂತಿಲ್ಲ. ಆಡಿ ಮುಗಿಯಲಿ ಎಂದು ಕಾದು, ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಪ್ರಿಂಟರಿಗೂ ಒಂದು ಬೊಟ್ಟಿಟ್ಟು ಶುರುಮಾಡಿದೆವು. ಆರ್ಡರುಗಳು ತಾವಾಗಿ ಏರತೊಡಗಿದವು. ಮೊದಲ ದಿನ ಕಲ್ಪನಾ ಕೈಕಟ್ಟಿ ನಿಂತು ಪರದೆ ನೋಡಿದಳು, ಎರಡನೆಯ ದಿನ ಅಂಗಡಿಗೆ ಯಾವ ಬಣ್ಣ ಬಳಿಯುವುದೆಂದು ನನ್ನನ್ನು ಕೇಳಿದಳು. ಪ್ರೋಗ್ರಾಮು ಒಂದು ಹೆಸರನ್ನೂ ತಪ್ಪು ಓದಲಿಲ್ಲ. ನಾನು ಒಳಗೊಳಗೇ ಬೀಗುತ್ತಿದ್ದೆ.

ಒಂದು ವಾರ ಕಳೆದಿರಬೇಕು. ತಿರುಪ್ಪೂರಿನ ಒಂದು ಸಣ್ಣ ಯೂನಿಟ್ಟಿನಿಂದ ಫೋನು ಬಂತು. ಬಿಳಿ ಎಲಾಸ್ಟಿಕ್ ಕೂಡಲೇ ಬೇಕು, ಹೊಲಿಗೆಯ ಲೈನು ನಿಂತಿದೆ, ಎಕ್ಸ್‌ಪೋರ್ಟಿನ ಮಕ್ಕಳ ಚಡ್ಡಿಗಳು ಎಲಾಸ್ಟಿಕ್ ಇಲ್ಲದೆ ರಾಶಿ ಬಿದ್ದಿವೆ ಎಂದರು. ಕಂಪ್ಯೂಟರಿನಲ್ಲಿ ಮಾಲು ಬೇಕಾದಷ್ಟಿತ್ತು. ಸೆಂದಿಲ್ ರ‍್ಯಾಕಿನ ಹತ್ತಿರ ಹೋಗಿ ನೋಡಿದರೆ ಖಾಲಿ. ಅವನು ವಾಪಸು ಬಂದು ಪರದೆ ನೋಡಿದ, ಮತ್ತೆ ರ‍್ಯಾಕು ನೋಡಿದ. ಅಷ್ಟರಲ್ಲಿ ಇನ್ನೊಂದು ಕಾರ್ಖಾನೆಯ ಮ್ಯಾನೇಜರು ಗೌಡರಿಗೆ ಫೋನ್ ಮಾಡಿ ನಗುತ್ತ ಕೇಳಿದರಂತೆ, ನಿಮ್ಮ ಗೋಡೌನು ತುಂಬಿತು ಅಂತ ನಮ್ಮ ಗೋಡೌನಿನಲ್ಲಿ ಇಡುತ್ತಿದ್ದೀರಾ, ಎಲ್ಲ ಎರಡೆರಡು ಸಲ ಬಂದಿದೆ ಎಂದು.

ಆಗ ಬಿಚ್ಚಿಕೊಂಡಿತು ಆ ಊರಿನ ರೂಢಿ. ತಿರುಪ್ಪೂರಿನಲ್ಲಿ ಆರ್ಡರು ಎಂದರೆ ಫೋನು. ಬಾಯಿಮಾತು ಬಂದ ಕೂಡಲೇ ಸೆಂದಿಲ್ ಕೈಬರಹದ ಚೀಟಿಯ ಮೇಲೆ ಮಾಲು ಕಳಿಸಿಬಿಡುತ್ತಿದ್ದ, ಆ ಚೀಟಿ ಕಂಪ್ಯೂಟರಿಗೆ ಏರುತ್ತಿರಲಿಲ್ಲ. ಪಿ.ಒ. ಬರುತ್ತಿದ್ದದ್ದು ನಾಲ್ಕಾರು ದಿನ ತಡೆದು, ಮಾಲು ಆಗಲೇ ಹೊಲಿಗೆಯಾಗಿ ಡಬ್ಬಿ ಸೇರಿದ ಮೇಲೆ, ಆಫೀಸಿನ ಶಾಸ್ತ್ರಕ್ಕೆ. ಹಾಗೆ ಬಂದ ಪಿ.ಒ. ಹಳೆಯ ಮಾಲಿನದೋ, ಹೊಸ ಆರ್ಡರೋ ಎಂದು ತಿಳಿಯಲು ಕಲ್ಪನಾ ಗೋಡೆಯಾಚೆ ಕೂಗುತ್ತಿದ್ದಳು. ನಾನು ಮರ್ಯಾದೆಯಿಂದ ಕೇಳಿಸಿಕೊಳ್ಳದೆ ಬಿಟ್ಟದ್ದು ಸಂಸಾರದ ಮಾತಲ್ಲ, ಇಡೀ ಕಂಪನಿಯ ಆರ್ಡರ್ ಪರಿಶೀಲನೆ! ಪ್ರೋಗ್ರಾಮಿಗೆ ಕೂಗಲು ಬಾರದು. ಪಿ.ಒ. ಬಂದದ್ದಕ್ಕೆಲ್ಲ ಅದು ಸ್ಲಿಪ್ಪು ಮುದ್ರಿಸಿತು. ಹೆಂಡತಿ ನೋಡಿಯೇ ಕಳಿಸಿರುತ್ತಾಳೆ ಎಂದು ಸೆಂದಿಲ್ ಮತ್ತೊಮ್ಮೆ ಲೋಡು ಮಾಡಿದ. ಅಲ್ಲಿ ಕಾರ್ಖಾನೆಗಳ ಗೇಟಿನ ವಾಚ್‌ಮನ್ನುಗಳು ಬಂದದ್ದನ್ನೆಲ್ಲ ಸಹಿ ಹಾಕಿ ಇಳಿಸಿಕೊಂಡರು.

"ನೀ ಯಾಕ ಹೇಳ್ಲಿಲ್ಲ?" ಎಂದು ಕಲ್ಪನಾಳನ್ನು ಕೇಳಿದೆ. ಅವಳು ಕಣ್ಣರಳಿಸಿ, "ಏನ್ ಹೇಳೋದು ಅಕ್ಕಾ? ಉಸ್ರಾಡ್ತೀನಿ ಅಂತ ಯಾರಾದ್ರೂ ಹೇಳ್ತಾರಾ?" ಎಂದಳು. ಆ ಸಂಕಟದಲ್ಲೂ ಇಬ್ಬರಿಗೂ ನಗು ಬಂತು.

ಗೌಡರಿಗೆ ಬರಲಿಲ್ಲ. ಅವರು ಬೈಯಲೂ ಇಲ್ಲ, ಅದೇ ಕಷ್ಟವಾಯಿತು. "ನಾಳೆಯಿಂದ ಪಳಯ ಪಡಿ, ಮುಂಚೆ ಇದ್ದಂಗೆ. ಕಲ್ಪನಾ ಏರಿಸ್ತಾಳೆ," ಎಂದಷ್ಟೇ ಹೇಳಿದರು. ಹಳೆ ಗಂಡನ ಪಾದವೇ ಗತಿ ಎಂಬಂತಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ಅವಳ ಮುಖ ನೋಡಲಾಗಲಿಲ್ಲ. ಅಂಗಡಿಗೆ ಬಣ್ಣ ಯಾವುದೆಂದು ಕೇಳಿದ್ದವಳು ಕುರ್ಚಿ ಎಳೆದುಕೊಂಡು ಕೂತಳು. ಆಮೇಲೆ ತಲೆಯೆತ್ತಿ, "ಮಾವ, ನಾಳೆ ಒಂದ್ ದಿನ ವ್ಯಾನ್ ಕೊಡಿ. ಎರಡೆರಡು ಸಲ ಹೋಗಿರೋ ಸರಕ್ಕನ್ನೆಲ್ಲ ನಾನೇ ಹೋಗಿ ತತ್ತೀನಿ. ಅಪ್ಪುರಂ ಕೂತ್ಕೋತೀನಿ," ಎಂದಳು. ಗೌಡರು ಹೂಂ ಎಂದರು.

ಮರುದಿನ ಬೆಳಿಗ್ಗೆ ನಾನೂ ವ್ಯಾನು ಹತ್ತಿದೆ. ಮೊದಲು ಹೋದದ್ದು ಎರಡು ಸಲ ಬಿಳಿ ಎಲಾಸ್ಟಿಕ್ ಹೋಗಿದ್ದ ಕಾರ್ಖಾನೆಗೆ. ಹೆಚ್ಚಿನ ಡಬ್ಬಿಗಳನ್ನು ಹೇರಿಕೊಂಡು ನೇರವಾಗಿ ಲೈನು ನಿಂತಿದ್ದ ಯೂನಿಟ್ಟಿಗೆ ಓಡಿಸಿದೆವು. ಅಲ್ಲಿನ ಯಜಮಾನತಿ ಬಾಗಿಲಲ್ಲೇ ಕಾಯುತ್ತಿದ್ದರು. ಕಲ್ಪನಾ ಬಾಯಿ ತೆರೆದ ಕೂಡಲೇ ಅವರು, "ಅಟ, ನೀಂಗಳಾ ಸೋಮನೂರು ಅಮ್ಮಾ! ವಾಂಗೊ, ವಾಂಗೊ!" ಎಂದು ಕೈಹಿಡಿದು ಒಳಗೆ ಕರೆದರು. ವರ್ಷಗಟ್ಟಲೆ ಫೋನಿನಲ್ಲಿ ಕೇಳಿದ ದನಿ, ಮುಖ ಕಂಡದ್ದು ಅಂದೇ. ಡಬ್ಬಿ ಇಳಿಯುವಷ್ಟರಲ್ಲಿ ಹೊಲಿಗೆ ಮಿಷಿನ್ನುಗಳು ಸದ್ದು ಮಾಡತೊಡಗಿದವು.

ಆಮೇಲೆ ನಡೆದದ್ದು ವಾಪಸು ತರುವ ಕೆಲಸವಲ್ಲ. ಒಂದು ಕಡೆ ದಾರದ ಡಬ್ಬಿ ಹೇರಿಕೊಂಡರೆ ಪಕ್ಕದ ಯೂನಿಟ್ಟಿನವರು ಅದನ್ನು ನೋಡಿ ನಮಗೆ ಕೊಡಿ ಎನ್ನುವರು. ಇನ್ನೊಂದು ಕಡೆ, ಇಳಿಸಿದ್ದು ಇರಲಿ, ಹೇಗೂ ಮುಂದಿನ ವಾರ ಬೇಕು ಎಂದರು. ಮಧ್ಯಾಹ್ನ ಒಂದು ಬೇಕರಿಯ ಎದುರು ವ್ಯಾನು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದಿಟ್ಟು ನಾನು ಟೀ ಕುಡಿಯಲು ಹೋದೆ. ಬಂದು ನೋಡಿದರೆ ಟಿವಿಎಸ್ಸು, ಸ್ಕೂಟರುಗಳು ಸುತ್ತ ನಿಂತಿವೆ. ಕಲ್ಪನಾ ವ್ಯಾನಿನೊಳಗೆ ಕೂತು ಝಿಪ್ಪು ಎಣಿಸಿ ಕೊಡುತ್ತಿದ್ದಾಳೆ. ಕುರ್ಚಿಯಲ್ಲಿ ಕೂತಾಗ ಅವಳ ಮುಖದಲ್ಲಿ ಆ ಕಳೆ ನಾನು ಕಂಡಿರಲಿಲ್ಲ.

ನಾನೂ ಸುಮ್ಮನಿರಲಿಲ್ಲ. ದಾರಿಯುದ್ದಕ್ಕೂ ಪ್ರೋಗ್ರಾಮಿನ ಹೊಸ ವ್ಯವಸ್ಥೆ ಯೋಚಿಸಿದೆ. ಫೋನೆತ್ತಿದವರು ಯಾರೇ ಆಗಲಿ, ಮಾಲು ಕಳಿಸುವ ಮೊದಲು ಗಿರಾಕಿ, ಮಾಲು, ಪ್ರಮಾಣ ಇಷ್ಟನ್ನು ಕಂಪ್ಯೂಟರಿಗೆ ಹಾಕಬೇಕು. ನಾಲ್ಕು ದಿನ ಬಿಟ್ಟು ಪಿ.ಒ. ಬಂದಾಗ ಪ್ರೋಗ್ರಾಮು ಅದಕ್ಕೆ ಜೋಡಿ ಹುಡುಕಬೇಕು. ಜೋಡಿ ಸಿಕ್ಕರೆ ಲೆಕ್ಕಕ್ಕೆ ಮಾತ್ರ ಏರಲಿ, ಸ್ಲಿಪ್ಪು ಬೇಡ. ಸಿಗದಿದ್ದರೆ ಸೆಂದಿಲ್‌ನನ್ನು ಕೇಳಿ ಕಾಯಲಿ. ಆ ಪರದೆಯ ಗುಂಡಿಗಳಿಗೆ ಹೆಸರೇನಿಡಲಿ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಸೆಂದಿಲ್ ಗಂಭೀರವಾಗಿ, "ಪೋಯಾಚ್ಚು, ಇಲ್ಲೆ. ಬೇರೆ ಏನಿದೆ?" ಎಂದ. ಹಾಗೆಯೇ ಇಟ್ಟೆವು.

ಸಂಜೆ ಸೋಮನೂರಿಗೆ ಬಂದಾಗ ಗೌಡರು ಜಗಲಿಯ ಮೇಲೆ ಕಾದಿದ್ದರು. ಮಾಲು ಇಳಿಸಲು ಎರಡು ಆಳುಗಳನ್ನೂ ನಿಲ್ಲಿಸಿದ್ದರು. ವ್ಯಾನಿನ ಬಾಗಿಲು ತೆರೆದು ನೋಡಿ, "ಎಲ್ಲಿ ಸರಕ್ಕು?" ಎಂದರು.

"ವಿತ್ತಾಚ್ಚು ಮಾವ," ಎಂದಳು ಕಲ್ಪನಾ. ಮಾರಿಯಾಯಿತು. ನಾಳೆಗೆ ಏನೇನು ಬೇಕೆಂದು ಕೇಳಿದ್ದಾರೆ ಎಂದು ಒಂದೊಂದಾಗಿ ಹೇಳತೊಡಗಿದಳು. ಗೌಡರು ಅರ್ಧದಲ್ಲೇ ಕೈಯೆತ್ತಿ ತಡೆದರು.

"ವ್ಯಾನು ಎಲ್ ನಿಲ್ಸಿದ್ದೆ?"

"ಬೇಕರಿ ಎದ್ರು, ಬೇವಿನ ಮರದಡಿ."

"ಆ ಬೇಕರಿ ಪಕ್ಕ ಒಂದು ಷಟರ್ ಮುಚ್ಚೇ ಇರುತ್ತಲ್ಲ. ಅದು ಬಾಡಿಗೆಗೆ ಐತಾ ಅಂತ ನಾಳೆ ಹೋಗಿ ಕೇಳು."

"ಕೇಳ್ದೆ ಮಾವ. ಬೀಗದ ಕೈ ನಾಳೆ ಕೊಡ್ತಾರೆ."

ನಾನು ಟೀ ಕುಡಿಯುತ್ತಿದ್ದ ಹತ್ತು ನಿಮಿಷದಲ್ಲಿ ಅದೂ ಮುಗಿದಿತ್ತು. ಗೌಡರು ನನ್ನ ಕಡೆ ತಿರುಗಿ, "ಅಮ್ಮಣಿ, ನಿನ್ ಮಿಷಿನ್ನು ಸೀಕ್ರ ಸರಿ ಮಾಡು. ಇವ್ಳು ಇನ್ನು ಕೂರಲ್ಲ," ಎಂದು ಹೇಳಿ ಆಳುಗಳನ್ನು ಮನೆಗೆ ಕಳಿಸಿದರು.

ಆಮೇಲಿನ ವರ್ಷಗಳಲ್ಲಿ ಎಷ್ಟೋ ಆಫೀಸುಗಳ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದೆ. ಕೆಲವು ಕಡೆ ಒಂದೂ ತಪ್ಪಿಲ್ಲದ ಪ್ರೋಗ್ರಾಮು ಮೂಲೆಗೆ ಬಿತ್ತು, ಕೆಲವು ಕಡೆ ತೂತುಬಿದ್ದದ್ದೇ ಚೆನ್ನಾಗಿ ನಡೆಯಿತು. ಕಾರಣ ಸೋಮನೂರಿನಲ್ಲೇ ತಿಳಿದಿತ್ತು: ಕುರ್ಚಿ ಬಿಟ್ಟೇಳುವ ಆಸೆ ಅದರಲ್ಲಿ ಕೂತವರಿಗೇ ಇರಬೇಕು. ಅದಕ್ಕೇ ಯಾವ ಆಫೀಸಿಗೆ ಹೋದರೂ, ಕಂಪ್ಯೂಟರ್ ತೆರೆಯುವ ಮೊದಲು, ಅಲ್ಲಿ ಕೂತು ಟೈಪ್ ಮಾಡುತ್ತಿರುವವರನ್ನು ಒಂದು ಮಾತು ಕೇಳುತ್ತೇನೆ: ಈ ಕೆಲಸ ನಿಮ್ಮ ಕೈತಪ್ಪಿದರೆ ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗುತ್ತೀರಿ? ಉತ್ತರ ತಟ್ಟನೆ ಬಂದರೆ ನನ್ನ ಕೆಲಸ ಅರ್ಧ ಮುಗಿದಂತೆ.