ವಾಂತಿಯ ಸುದ್ದಿಗೆ ಪೇಡೆ ಹಂಚಿದ ಅತ್ತೆ

ನಾನು ಬಸುರಿ ಎಂಬ ಸುದ್ದಿ ನನಗಿಂತ ಮೊದಲು ಶಹಾಬಾದಿನಲ್ಲಿದ್ದ ನಾದಿನಿಗೆ ಗೊತ್ತಾಯಿತು. ಚಿತ್ತಾಪುರದ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ವಿಜ್ಞಾನದ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ಫೋನಿನಲ್ಲಿ ಅವಳ ಏಳು ಮಿಸ್ಡ್ ಕಾಲ್. ಗಾಬರಿಯಿಂದ ತಿರುಗಿ ಮಾಡಿದೆ.

"ವೈನಿ, ನನಗ ಒಂದು ಮಾತು ಹೇಳಬಾರದೇನ್ರಿ? ಅವ್ವ ಖುಷಿಗಿ ಅಳ್ಲಿಕತ್ತಾಳ!"

"ಏನ್ ಹೇಳಬೇಕಿತ್ತು?"

"ನಾಟಕ ಮಾಡಬ್ಯಾಡ್ರಿ. ಮೂರು ದಿನದಿಂದ ವಾಂತಿ ಮಾಡ್ಲಿಕತ್ತೀರಂತ, ಗಲ್ಲ ತುಂಬ್ಯಾವಂತ. ಇನ್ನೇನ್ ಬೇಕು?"

ವಾಂತಿ ನಿಜ. ಗಲ್ಲ ಉಬ್ಬಿದ್ದೂ ನಿಜ. ಕೂಸೊಂದು ಮಾತ್ರ ಸುಳ್ಳು. ಅತ್ತೆಯ ಕಿವಿಗೆ ಬಿದ್ದದ್ದು ಮೂರು ದಿನದ್ದು. ಅದು ಶುರುವಾಗಿ ಆರು ವರ್ಷವಾಗಿತ್ತು.

ಸೇಡಂನ ನಮ್ಮ ಮನೆಯಲ್ಲಿ ಮೂವರೇ. ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸದವರು, ನಾನು ಬೆಳಿಗ್ಗೆ ರೈಲಿಗೆ ಚಿತ್ತಾಪುರಕ್ಕೆ ಹೋಗಿ ಸಂಜೆ ಬರುವವಳು. ಅತ್ತೆ ಬೆಳಿಗ್ಗೆ ಸ್ನಾನ ಮುಗಿಸಿ, ಲಿಂಗಪೂಜೆ ಮುಗಿಸಿ, ಆಮೇಲೆ ಫೋನು ಹಿಡಿಯುವವರು. ಒಂದು ಸುದ್ದಿಯನ್ನು ಮರುದಿನಕ್ಕೆ ಉಳಿಸಿಕೊಂಡವರೇ ಅಲ್ಲ.

ನನ್ನ ಕಾಯಿಲೆ ಶುರುವಾದದ್ದು ಚಂದಾಪುರದ ತವರಿನಲ್ಲಿ. ನನ್ನನ್ನು ನೋಡಲು ಬಂದ ಮೊದಲ ವರನ ಕಡೆಯ ಒಬ್ಬಾಕೆ ಉಪ್ಪಿಟ್ಟು ತಿನ್ನುತ್ತ, "ಮುಖ ಛಲೋ ಅದ, ಮೈ ಜರಾ ಜಾಸ್ತಿ" ಅಂದರು. ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡವರು ಅವರು. ಮಾರನೆಯ ದಿನದಿಂದ ಊಟ ಬಿಟ್ಟವಳು ನಾನು. ಬೆಳಗಿನಿಂದ ಬರೀ ಚಹಾ. ಸಂಜೆಯಾಗುತ್ತಲೇ ಹಸಿವು ನನ್ನನ್ನು ಕೇಳದೆ ಅಡುಗೆಮನೆಗೆ ನಡೆಯುತ್ತಿತ್ತು. ಆಗ ತಿನ್ನುವುದಕ್ಕೆ ರುಚಿಯಿಲ್ಲ, ನಿಲ್ಲಿಸುವ ಶಕ್ತಿಯಿಲ್ಲ. ಕೈ ಬೇರೆ ಯಾರದೋ ಅನ್ನಿಸುತ್ತಿತ್ತು. ತಿಂದು ಮುಗಿದೊಡನೆ ಭಯ, ಭಯಕ್ಕೆ ಬಚ್ಚಲಿಗೆ ಹೋಗಿ ತಿಂದದ್ದನ್ನೆಲ್ಲ ಕಕ್ಕುವುದು, ಬಚ್ಚಲಿನಿಂದ ಬಂದ ಮೇಲೆ ನಾಚಿಕೆ. ನಾಳೆಯಿಂದ ಏನೂ ತಿನ್ನುವುದಿಲ್ಲ ಎಂದು ಆಣೆ. ಆ ಆಣೆಯೇ ಮರುದಿನ ಸಂಜೆಯ ಹಸಿವನ್ನು ಹೆರುತ್ತದೆ ಎಂಬುದು ವಿಜ್ಞಾನ ಕಲಿಸುವ ನನಗೇ ಹೊಳೆಯಲಿಲ್ಲ.

ಮದುವೆಯಾಗಿ ಸೇಡಂಗೆ ಬಂದ ಮೇಲೆ ಅತ್ತೆಯ ಡಬ್ಬಿಗಳು ನನ್ನ ಕೈಗೆ ಸಿಕ್ಕವು. ಶೇಂಗಾ ಉಂಡಿ, ಚಕ್ಕುಲಿ, ಚೂಡಾ. ಅವರು ಪಕ್ಕದ ಮನೆಗೆ ಹರಟೆಗೆ ಹೋದಾಗ ಡಬ್ಬಿ ತಳ ಕಾಣುತ್ತಿತ್ತು. ಅತ್ತೆ ಮೊದಲು ಇಲಿಯ ಮೇಲೆ ಸಂಶಯಪಟ್ಟರು. ಕಪಾಟಿನಲ್ಲಿ ಬೋನು ಇಟ್ಟರು. ಇಲಿ ಬೀಳಲಿಲ್ಲ. ಡಬ್ಬಿಯ ಮುಚ್ಚಳ ತಿರುವಿ ತೆಗೆದು ಮತ್ತೆ ಬಿಗಿಯಾಗಿ ಹಾಕುವ ಇಲಿ ಇರಲಾರದು ಎಂದು ಆಮೇಲೆ ಮಗನನ್ನು ಹಿಡಿದರು. ನನ್ನ ಗಂಡ ಡ್ಯೂಟಿಯಿಂದ ಬಂದು ನಿದ್ದೆಗಣ್ಣಿನಲ್ಲಿ ಬೈಸಿಕೊಂಡರು.

ಹೀಗಿರುವಾಗ ಮೂರು ದಿನ ಸಾಲಾಗಿ ಬಚ್ಚಲಿನ ಸದ್ದು ಅತ್ತೆಯ ಕಿವಿಗೆ ಬಿತ್ತು. ನಾದಿನಿಯ ಫೋನು ಬಂದ ದಿನ ಸಂಜೆ ನಾನು ಮನೆ ತಲುಪುವ ಹೊತ್ತಿಗೆ ಓಣಿಗೆಲ್ಲ ಪೇಡೆ ಹಂಚಿಯಾಗಿತ್ತು. ಹೊಸಿಲಲ್ಲೇ ನನ್ನ ಬಾಯಿಗೂ ಒಂದು ತುರುಕಿದರು. ಅಲ್ಲ ಅನ್ನಬೇಕಿತ್ತು. ಅಂದರೆ, ಹಾಗಾದರೆ ವಾಂತಿ ಯಾತಕ್ಕೆ ಎಂದು ಕೇಳುತ್ತಾರಲ್ಲ! ಪೇಡೆ ನುಂಗಿದೆ. ಎರಡು ದಿನ ಸುಳ್ಳು ಬಸುರಿಗೆ ನಿಜವಾದ ಸತ್ಕಾರ ನಡೆಯಿತು. ಮಾವಿನಕಾಯಿ ಬಂತು, ಕೊಡ ಎತ್ತಬೇಡ ಎಂಬ ಅಪ್ಪಣೆ ಬಂತು. ಗಂಡ ಕಾರ್ಖಾನೆಯಿಂದ ಫೋನು ಮಾಡಿ ಮೆಲ್ಲಗೆ, "ಖರೇನಾ?" ಅಂದರು. "ಗೊತ್ತಿಲ್ಲ" ಅಂದೆ. ಅಷ್ಟಕ್ಕೇ ಅವರು ಖುಷಿಯಾದರು. ಅವರ ಆ ಖುಷಿ ನನಗೆ ಸಹಿಸಲಾಗಲಿಲ್ಲ.

ಮೂರನೆಯ ದಿನ ಅತ್ತೆ ನನ್ನನ್ನು ಸೇಡಂನಲ್ಲೇ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಪರೀಕ್ಷೆಯಾಯಿತು. ಡಾಕ್ಟರು ಚೀಟಿ ನೋಡಿದರು, ನನ್ನ ಉಬ್ಬಿದ ಗಲ್ಲ ನೋಡಿದರು, ಅತ್ತೆಯನ್ನು ಪರದೆಯ ಆಚೆ ಕೂರಲು ಹೇಳಿದರು.

"ಬಾಯಿ ತೆರೀರಿ." ಬ್ಯಾಟರಿ ಹಚ್ಚಿ ನೋಡಿದರು. "ಹುಣಸಿಹಣ್ಣು ಭಾಳ ತಿಂತೀರೇನು?"

ದಾರಿ ಸಿಕ್ಕಿತು ಎಂದು ಗಬಕ್ಕನೆ ಹಿಡಿದೆ. "ಹೌದ್ರಿ, ಭಾಳ!"

"ಹುಣಸಿಗಿ ಆದ್ರ ಹಲ್ಲಿನ ಮುಂದಿನ ಕಡಿ ಹಾಳಾಗಬೇಕಿತ್ತು. ನಿಮ್ಮವು ಒಳಗಿನ ಕಡಿ ಸವದಾವ. ಇದು ಹೊಟ್ಟಿಯಿಂದ ಬಂದ ಹುಳಿ ರೀ. ಗಲ್ಲ ಬಾತದ್ದೂ ವಾಂತಿಯಿಂದನ."

ಜಠರದಲ್ಲಿ ಆಮ್ಲವಿದೆ ಮಕ್ಕಳೇ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವಳು ನಾನೇ. ನನ್ನ ಪಾಠದಲ್ಲೇ ಸಿಕ್ಕಿಬಿದ್ದಿದ್ದೆ.

"ಎಷ್ಟು ವರ್ಷದಿಂದ ನಡದಾದ?" ಕೆಮ್ಮು ಎಷ್ಟು ದಿನದಿಂದ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದರು. ಆ ದನಿಗೇ ನನ್ನ ಕಟ್ಟೆ ಒಡೆಯಿತು.

"ಆರು ವರ್ಷ" ಅಂದು ಅಳತೊಡಗಿದೆ.

ಪರದೆ ಸರ್ರನೆ ಸರಿಯಿತು. "ಆರು ವರ್ಷ? ಮದಿವಿ ಆಗಿ ಮೂರೇ ವರ್ಷ ಆಗ್ಯಾದಲ್ಲ!" ಅತ್ತೆ ಕಣ್ಣರಳಿಸಿ ನಿಂತಿದ್ದರು.

ಡಾಕ್ಟರು ನಗು ತಡೆದುಕೊಂಡು ಅವರನ್ನು ಕೂರಿಸಿದರು. "ನಿಮ್ಮ ಸೊಸಿ ಬಸರಿ ಅಲ್ಲರಿ. ಇದು ತಿನ್ನೋದರ ರೋಗ. ಬುಲಿಮಿಯಾ ನರ್ವೋಸಾ ಅಂತಾರ. ಹಟ ಅಲ್ಲ, ಆಸಿಬುರುಕತನ ಅಲ್ಲ. ವಾಸಿ ಆಗ್ತದ."

"ಬುಲ್ಲೆಮ್ಮಾ?" ಅಂದರು ಅತ್ತೆ. ಅವರ ತವರು ಕುಂಚಾವರಂ ಕಡೆ, ತೆಲುಗು ಬೆರೆತ ಊರು. "ನಮ್ಮ ಕಡಿ ಸಣ್ಣ ಹುಡುಗಿಗಿ ಮುದ್ದಿಲೆ ಹಂಗ ಕರೀತಾರ. ರೋಗಕ್ಕ್ಯಾಕ ಈ ಹೆಸರು ಇಟ್ಟಾರ?"

ಡಾಕ್ಟರು ಕಲಬುರಗಿಯ ಮಾನಸಿಕ ತಜ್ಞರಿಗೆ ಚೀಟಿ ಬರೆದುಕೊಟ್ಟರು. ಆಟೋ ಓಣಿ ಹತ್ತಿರ ಬಂದಾಗ ಅತ್ತೆ ಕೇಳಿದರು: "ಯವ್ವಾ, ನನ್ನ ಕೈ ಅಡಗಿ ನಿನಗ ಹೊಟ್ಟ್ಯಾಗ ನಿಲ್ಲಂಗಿಲ್ಲೇನು?"

"ಅಡಗಿ ಛಲೋನೇ ಅದರಿ ಅತ್ತಿ. ತಿಂದ ಮ್ಯಾಲ ನನಗ ಅಂಜಿಕಿ ಬರ್ತದ."

"ರೊಟ್ಟಿಗಿ ಅಂಜೂದಾ?" ಅಂದವರು ಆಟೋದಿಂದ ಇಳಿದು ದುಡ್ಡು ಎಣಿಸಿದರು. "ಆತು ಬಿಡು. ನಾ ಹಲ್ಲಿಗಿ ಅಂಜ್ತೀನಿ. ಹಲ್ಲಿ ನನಗೇನ್ ಮಾಡ್ಯಾದ?"

ನನ್ನ ಕಾಯಿಲೆಯನ್ನು ಅಷ್ಟು ಬೇಗ ಅರ್ಥಮಾಡಿಕೊಂಡವರು ಇನ್ನೊಬ್ಬರಿಲ್ಲ. ಮನೆಗೆ ಹೋದವರೇ ಫೋನು ಹಿಡಿದು ಶಹಾಬಾದಿಗೆ, ಚಂದಾಪುರಕ್ಕೆ, ಕುಂಚಾವರಂಗೆ ಒಂದೇ ದನಿಯಲ್ಲಿ, "ಸುದ್ದಿ ಕ್ಯಾನ್ಸಲ್ ಆಗ್ಯಾದ, ಹೊಟ್ಟಿ ಕೆಟ್ಟಿತ್ತು" ಅಂದರು. ಹೆಚ್ಚು ಕೇಳಿದವರಿಗೆ ಫೋನು ಕಟ್. ಆಮೇಲೆ ಒಳಗೆ ಹೋಗಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವರು ನನ್ನ ಕೈ ಹಿಡಿದು, "ಡಬ್ಬಿ ನಾನೇ ಖಾಲಿ ಮಾಡಿ ಮರೀಲಿಕತ್ತೀನಿ ಅಂತ ತಿಳ್ಕೊಂಡಿದ್ದೆ" ಅಂದರು. ಆ ದಿನ ನಾನು ನಕ್ಕದ್ದು ಅದೊಂದೇ ಸಲ.

ಕಲಬುರಗಿಯಲ್ಲಿ ಮೊದಲು ರಕ್ತ ಪರೀಕ್ಷೆ. ಪೊಟ್ಯಾಸಿಯಂ ಕಡಿಮೆಯಾಗಿತ್ತು, ಹಾಗೇ ಬಿಟ್ಟರೆ ಹೃದಯದ ಬಡಿತಕ್ಕೇ ತೊಂದರೆ ಎಂದು ತಜ್ಞರು ಹೇಳಿದರು. ಬೆಳಿಗ್ಗೆಗೊಂದು ಮಾತ್ರೆ ಕೊಟ್ಟರು, ಪ್ರತಿವಾರ ಆಪ್ತಸಮಾಲೋಚಕಿಯ ಹತ್ತಿರ ಬರಲು ಹೇಳಿದರು. ತಿನ್ನುವುದನ್ನು ಹಿಡಿತದಲ್ಲಿಡು ಎಂದು ಆಕೆ ಹೇಳಬಹುದೆಂದು ನಾನು ತಯಾರಾಗಿ ಹೋಗಿದ್ದೆ. ಆಕೆ ತಿನ್ನಲು ಹೇಳಿದರು! ಮೂರು ಊಟ, ನಡುವೆ ಏನಾದರೂ ತಿಂಡಿ, ಮೂರು-ನಾಲ್ಕು ಗಂಟೆಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಕೂಡದು. ತಿಂದದ್ದನ್ನೂ ಆಗಿನ ಮನಸ್ಸನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ತೂಕದ ಯಂತ್ರ ಮನೆಯಲ್ಲಿ ನನ್ನ ಕಣ್ಣಿಗೆ ಬೀಳಬಾರದು. ಊಟವಾದ ಮೇಲೆ ಒಂದು ಗಂಟೆ ಯಾರಾದರೂ ಜೊತೆಗಿರಬೇಕು.

ಕೊನೆಯ ಎರಡನ್ನು ಅತ್ತೆ ವಹಿಸಿಕೊಂಡರು. ತೂಕದ ಯಂತ್ರಕ್ಕೆ ಗೋಣಿಚೀಲ ಹೊದಿಸಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟರು. ಊಟವಾದೊಡನೆ ಚೌಕಾಬಾರಾದ ಮನೆ ಬರೆದು ಕವಡೆ ತರುತ್ತಿದ್ದರು. ಆಟದಲ್ಲಿ ಅವರ ಮೋಸಕ್ಕೆ ಮಿತಿಯಿಲ್ಲ. ಮೂರು ಬಿದ್ದರೆ ನಾಲ್ಕು ಮನೆ ನಡೆಯುವರು. ಅವರ ಜೊತೆ ಜಗಳವಾಡುವುದರಲ್ಲಿ ಬಚ್ಚಲ ಕಡೆ ಎಳೆಯುವ ಆ ಗಂಟೆ ಹೇಗೋ ದಾಟಿಹೋಗುತ್ತಿತ್ತು. ಶಾಲೆಯ ವೇಳೆಯಲ್ಲಿ ಹನ್ನೊಂದಕ್ಕೆ ಸರಿಯಾಗಿ ಫೋನು: "ಉಂಡಿ ತಿಂದೇನು?" ಸ್ಟಾಫ್ ರೂಮಿನಲ್ಲಿ ನನಗೆ ಸಕ್ಕರೆ ಕಾಯಿಲೆ ಎಂದು ತೀರ್ಮಾನವಾಯಿತು.

ಮೊದಮೊದಲ ಊಟಗಳು ಸುಲಭವಾಗಿರಲಿಲ್ಲ. ಎರಡು ರೊಟ್ಟಿ, ಪುಂಡಿಪಲ್ಯ ತಿಂದು ಕೂತರೆ ಹೊಟ್ಟೆ ಡೋಲಿನಂತೆ ಅನ್ನಿಸಿ ಅಳು ಬರುತ್ತಿತ್ತು. ನೋಟ್‌ಬುಕ್ಕಿನಲ್ಲಿ "ಸಿಟ್ಟು" ಎಂದು ಬರೆದು, ಯಾರ ಮೇಲೆ ಎಂದು ತಿಳಿಯದೆ "ಅತ್ತೆಯ ಕವಡೆ ಮೇಲೆ" ಎಂದು ಸೇರಿಸಿದ್ದೆ. ಸಮಾಲೋಚಕಿ ಅದನ್ನು ಓದಿ ಜೋರಾಗಿ ನಕ್ಕರು. ಆದರೂ ತಿಂಗಳೆರಡರಲ್ಲಿ ಸಂಜೆಯ ಆ ಹುಚ್ಚು ಹಸಿವು ತಾನಾಗಿಯೇ ಸಣ್ಣದಾಯಿತು. ದಿನವಿಡೀ ಹೊಟ್ಟೆಯನ್ನು ಉಪವಾಸ ಕೆಡವದಿದ್ದರೆ ಅದು ಸಂಜೆ ದಂಗೆ ಏಳುವುದಿಲ್ಲ. ಇಷ್ಟು ಸರಳ ಸಂಗತಿಗೆ ಆರು ವರ್ಷ ಬೇಕಾಯಿತು.

ಚಿಕಿತ್ಸೆಯ ಐದನೆಯ ತಿಂಗಳಲ್ಲಿ ನಾದಿನಿಯ ಗೃಹಪ್ರವೇಶಕ್ಕೆ ಶಹಾಬಾದಿಗೆ ಹೋದೆವು. ಯಾರೋ ಪ್ರೀತಿಯಿಂದಲೇ, "ಈಗ ಮೈಕೈ ತುಂಬಿ ಛಲೋ ಕಾಣ್ಲಿಕತ್ತಿ" ಅಂದರು. ನನ್ನ ಕಿವಿಗೆ 'ತುಂಬಿ' ಒಂದೇ ಬಿತ್ತು. ಪಂಕ್ತಿಯಲ್ಲಿ ಕೂರದೆ ಬಡಿಸುವ ನೆಪ ಮಾಡಿ ಊಟ ತಪ್ಪಿಸಿದೆ. ಸಂಜೆ ಸೇಡಂಗೆ ಬಂದವಳೇ ಡಬ್ಬಿ, ಆಮೇಲೆ ಬಚ್ಚಲು. ಬಾಗಿಲು ತೆರೆದರೆ ಅತ್ತೆ ನೀರಿನ ತಂಬಿಗೆ ಹಿಡಿದು ನಿಂತಿದ್ದರು.

"ಬುಲ್ಲೆಮ್ಮ ಬಂದಿದ್ದಳೇನು?"

"ಹೂಂರಿ."

"ಹ್ವಾದಳೇನು?"

"ಹ್ವಾದಳು."

"ಹಂಗಾದ್ರ ಬಾಯಿ ಮುಕ್ಕಳಿಸು. ಈಗಲೇ ಹಲ್ಲು ತಿಕ್ಕಬ್ಯಾಡ, ಡಾಕ್ಟರ್ ಹೇಳ್ಯಾರ. ಎಂಟಕ್ಕ ಊಟ."

ಬೈಯಲಿಲ್ಲ, ಅಳಲಿಲ್ಲ. ಎಂಟಕ್ಕೆ ನಿಜವಾಗಿಯೂ ತಾಟು ಹಾಕಿದರು, ನಾನು ಉಂಡೆ. ಮುಂದಿನ ವಾರ ಸಮಾಲೋಚಕಿ ನೋಟ್‌ಬುಕ್ಕಿನಲ್ಲಿ ಬೆರಳಿಟ್ಟು ತೋರಿಸಿದ್ದು ಡಬ್ಬಿಯನ್ನಲ್ಲ, ತಪ್ಪಿಸಿದ ಮಧ್ಯಾಹ್ನದ ಊಟವನ್ನು. ಆಮೇಲೂ ಎರಡು-ಮೂರು ಸಲ ಜಾರಿದೆ. ಜಾರಿದ ಮೇಲಿನ ಊಟವನ್ನು ಮಾತ್ರ ಬಿಡಲಿಲ್ಲ.

ಒಂದೂವರೆ ವರ್ಷ ಹಿಡಿಯಿತು. ಮಾತ್ರೆಯನ್ನು ಡಾಕ್ಟರೇ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಸವೆದ ಹಲ್ಲುಗಳಿಗೆ ಸಿಮೆಂಟು ತುಂಬಿಸಿಕೊಂಡೆ. ಸಿಮೆಂಟು ವಾಡಿಯದೇನು ಎಂದು ಗಂಡ ಕೇಳಿದರು. ಈಗಲೂ ಯಾರಾದರೂ ಮೈ ಬಗ್ಗೆ ಮಾತೆತ್ತಿದರೆ ಒಳಗೆ ಚುಳ್ಳೆನ್ನುತ್ತದೆ. ಚುಳ್ಳೆಂದಿತು ಎಂದು ಮನೆಯಲ್ಲಿ ಹೇಳುತ್ತೇನೆ, ಅಷ್ಟೇ.

ಕಳೆದ ಚಳಿಗಾಲದಲ್ಲಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಸನ್ನತಿಗೆ ಪ್ರವಾಸ ಹೋಗಿದ್ದೆವು. ಚಂದ್ರಲಾಂಬೆಯ ಗುಡಿ ನೋಡಿ, ಭೀಮಾ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಗಣಿತದ ಟೀಚರ್ ಹೋಳಿಗೆ ತಂದಿದ್ದರು. ಅಗೆದು ತೆಗೆದ ಬೌದ್ಧ ಶಿಲ್ಪಗಳ ಬಗ್ಗೆ ಹೆಡ್‌ಮಾಸ್ಟರ್ ತಪ್ಪು ಹೇಳುತ್ತಿದ್ದಾರೆಂದು ನಾನು ವಾದಕ್ಕೆ ನಿಂತಿದ್ದೆ, ವಾದ ಬಸ್ಸಿನಲ್ಲೂ ಮುಂದುವರಿಯಿತು. ಅರ್ಧ ದಾರಿಗೆ ಬಂದ ಮೇಲೆ ಹೊಳೆಯಿತು: ಎಷ್ಟು ಹೋಳಿಗೆ ತಿಂದೆನೆಂದು ಎಣಿಸಿಯೇ ಇರಲಿಲ್ಲ. ಚಿತ್ತಾಪುರದಲ್ಲಿ ಬಸ್ಸು ಇಳಿದಾಗ ಮತ್ತೆ ಹಸಿವಾಗಿತ್ತು. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಗಣಿತದ ಟೀಚರ್ ಜೊತೆ ಕೂತು ಮಂಡಕ್ಕಿ ಸುಸಲಾ, ಮಿರ್ಚಿ ತರಲು ಹೇಳಿದೆ.