ಎಷ್ಟು ಹೊತ್ತು ಒಳಗಿದ್ದೆ

ಟಿಕೋಟಾ ಕಡೆಯ ಒಂದು ಒಣದ್ರಾಕ್ಷಿ ಶೆಡ್ಡಿನಲ್ಲಿ ನಾನು ಬಹಳ ವರ್ಷ ಕಡ್ಡಿ ಆರಿಸಿದೆ. ಹೆಂಗಸರು ಕಡ್ಡಿ ಆರಿಸಬೇಕು, ಗಂಡಸರು ಡಬ್ಬಿ ಹೊರಬೇಕು. ಅವರದು ಭಾರದ ಕೆಲಸ, ಅದಕ್ಕೇ ಪಗಾರ ಹೆಚ್ಚು ಎನ್ನುತ್ತಿದ್ದರು. ಆದರೆ ಕೋಲ್ಡಿನಿಂದ ಡಬ್ಬಿ ತರುವುದಿದ್ದರೆ, ನಮ್ಮಿಂದ ಕೆಲಸ ಮಾಡಿಸುವ ಮುಕಾದಮ ಹೆಂಗಸರನ್ನೇ ಕಳಿಸುತ್ತಿದ್ದ. ಅದೂ ಎಲ್ಲರನ್ನೂ ಅಲ್ಲ.

ಕೋಲ್ಡ್ ಎಂದರೆ ಮಾಲು ಕೆಡದಂತೆ ಇಡುವ ತಣ್ಣನೆಯ ಕೋಣೆ. ದಪ್ಪ ಬಾಗಿಲು. ಒಳಗಿನಿಂದ ತೆಗೆಯುವ ಹಿಡಿಕೆ ಎಂದೋ ಮುರಿದಿತ್ತು, ಯಾರೂ ಹಾಕಿಸಿರಲಿಲ್ಲ. ನಮ್ಮ ಓಣಿಯ ಒಬ್ಬಳನ್ನು ಅವನು ದಿನಕ್ಕೆ ಮೂರು ಸಲ ಅಲ್ಲಿಗೆ ಅಟ್ಟುತ್ತಿದ್ದ. ಅವಳನ್ನು ಮಮದಾಪುರಕ್ಕೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ಕೂಸು ಕಟ್ಟಿಕೊಂಡು ಬಬಲೇಶ್ವರಕ್ಕೆ, ತವರಿಗೆ ಬಂದಿದ್ದಳು. ಅವಳು ಒಳಗೆ ಹೋದದ್ದೇ ಅವನು ಬಾಗಿಲು ಎಳೆದುಕೊಳ್ಳುತ್ತಿದ್ದ. ಹೊರಗೆ ನಿಂತು, “ಹೂಂ ಅನ್ನು, ತೆಗೀತೇನಿ” ಎನ್ನುತ್ತಿದ್ದ. ಅವಳು ಹೂಂ ಅನ್ನುತ್ತಿರಲಿಲ್ಲ. ಕೊನೆಗೆ ಅವನಿಗೇ ಬೇಸರವಾಗಿ ತೆಗೆಯುತ್ತಿದ್ದ. ಅವಳು ಬಂದು ನಮ್ಮ ಸಾಲಿನಲ್ಲಿ ಕುಳಿತರೆ ಥಂಡಿಗೆ ಸೆಟೆದ ಬೆರಳು ಮಡಚಲು ಬರುತ್ತಿರಲಿಲ್ಲ. ನಮಗೆಲ್ಲ ಗೊತ್ತಿತ್ತು. ಯಾರೂ ಕಡ್ಡಿ ಬಿಟ್ಟು ತಲೆ ಎತ್ತಲಿಲ್ಲ.

ಮಾಲು ಕೊಳ್ಳುವ ಹೊರದೇಶದವರಿಗೆ, ಇಲ್ಲಿ ಹೆಣ್ಣುಮಕ್ಕಳಿಗೆ ಅನ್ಯಾಯ ಆಗುತ್ತಿಲ್ಲ ಎಂದು ಕಾಗದ ಬೇಕಂತೆ. ನೋಡಿಹೋಗಲು ಒಂದು ಸಂಸ್ಥೆಯವರು ಬರುತ್ತಾರೆ ಎಂದಾಯಿತು. ಕೋಲ್ಡಿನ ಬಾಗಿಲಿಗೆ ಹೊಸ ಹಿಡಿಕೆ ಬಂತು. ಮುಕಾದಮ ನಮ್ಮನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳಿಕೊಟ್ಟ.

“ತ್ರಾಸ ಐತೇನು ಅಂದ್ರ?”

“ಇಲ್ರಿ.”

“ಪಗಾರ?”

“ಬರೋಬ್ಬರಿ ಕೊಡ್ತಾರ್ರಿ.”

“ಶಾಬಾಸ್! ಸಾಲಿಗೆ ಹೋಗಿದ್ರ ಎಲ್ಲಾರೂ ಪಾಸ್ ಆಗತಿದ್ರಿ ನೋಡ್ರಿ.”

ನಮ್ಮನ್ನು ಶೆಡ್ಡಿಗೆ ಒಯ್ಯುವ ಟಂಟಂ ಗಾಡಿಯನ್ನು ಮುಕಾದಮನೇ ಹೊಡೆಯುತ್ತಿದ್ದ. ಅವರು ಬರುವ ದಿನ ಬೆಳಿಗ್ಗೆ ಅದರಲ್ಲಿ ಅವಳು ನನ್ನ ಕಿವಿಗೆ ಬಾಯಿ ಹಚ್ಚಿದಳು.

“ಆಯಿ, ನಾ ಹೇಳಾಕಿ. ನೀನೂ ಹೇಳ ಬೇ. ಒಬ್ಬಾಕಿ ಹೇಳಿದ್ರ ಸುಳ್ಳ ಅಂತಾರ. ಇಬ್ಬರ ಹೇಳಿದ್ರ ಖರೇ ಆಗತೈತಿ.”

ಹೂಂ ಎಂದೆ.

ಒಬ್ಬ ಹೊರದೇಶದ ಹೆಂಗಸು, ಅವಳ ಮಾತನ್ನು ಕನ್ನಡ ಮಾಡಲು ಬಿಜಾಪುರದ ಒಬ್ಬ ಹುಡುಗಿ ಬಂದಿದ್ದರು. ನಮ್ಮನ್ನು ಒಬ್ಬೊಬ್ಬರಾಗಿ ಕೋಣೆಗೆ ಕರೆದರು. “ಹೆಸರ ಬರಕೊಳ್ಳಂಗಿಲ್ರಿ, ಯಾರ ಏನ ಹೇಳಿದ್ರಂತ ಯಾರಿಗೂ ಗೊತ್ತಾಗಂಗಿಲ್ಲ” ಎಂದಳು ಹುಡುಗಿ. ಮಾಲಕರನ್ನು ಹೊರಗೆ ಕಳಿಸಿದರು, ಪರದೆ ಎಳೆದರು. ಎಲ್ಲ ಬರೋಬ್ಬರಿ ಮಾಡಿದರು. ಮುಕಾದಮ ಆ ಬಾಗಿಲಿಗೆ ಎದುರಾಗಿ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡ. ಅವನು ಕಿವಿಗೊಡಲಿಲ್ಲ. ಮೊಬೈಲು ತೊಡೆಯ ಮೇಲಿಟ್ಟು ಟೈಮು ನೋಡುತ್ತಾ ಕುಳಿತ, ಅಷ್ಟೇ.

ಇಲ್ರಿ, ಬರೋಬ್ಬರಿ ಐತ್ರಿ ಎಂದು ಹೇಳಿ ಬರಲು ಎಷ್ಟು ಹೊತ್ತು ಬೇಕು? ಎಲೆಗೆ ಸುಣ್ಣ ಹಚ್ಚುವಷ್ಟು. ಹೋದವರೆಲ್ಲ ಹಾಗೇ ಬಂದರು. ಅವಳು ಹೋದಳು, ಬರಲಿಲ್ಲ. ಮುಕಾದಮನಿಗೆ ಚಹಾ ಬಂತು. ಊದಿ ಊದಿ ಕುಡಿದ, ಕಪ್ಪು ನೆಲಕ್ಕಿಟ್ಟ. ಅವಳು ಇನ್ನೂ ಬರಲಿಲ್ಲ. ಅವನು ಬಾಗಿಲನ್ನೇ ನೋಡುತ್ತಾ ಸಣ್ಣಗೆ ನಗುತ್ತಿದ್ದ. ಆಗ ನನಗೆ ತಿಳಿಯಿತು. ಅಷ್ಟು ಓದಿ ಅಷ್ಟು ದೂರದಿಂದ ಬಂದವರಿಗೆ ತಿಳಿದಿರಲಿಲ್ಲ.

ಅವಳ ಹಿಂದೆ ನನ್ನ ಸರದಿ. ಒಳಗೆ ಫ್ಯಾನಿತ್ತು, ತಾಟಿನಲ್ಲಿ ಬಿಸ್ಕೀಟು ಇತ್ತು. ಆ ಹೆಂಗಸು ನನ್ನ ಕೈ ಹಿಡಿದುಕೊಂಡಳು.

“ಏನರ ತ್ರಾಸ ಐತೇನ್ರಿ ಆಯಿ?” ಎಂದಳು ಹುಡುಗಿ.

“ಇಲ್ರಿ. ಎಲ್ಲಾ ಚೊಲೋ ಐತಿ.”

ಎದ್ದು ಬಂದೆ. ಹೇಳದಿದ್ದರೆ ಹೋಗಲಿ, ಬಿಸ್ಕೀಟು ತಿನ್ನುತ್ತಾ ಅರ್ಧ ತಾಸು ಕುಳಿತಿದ್ದರೂ ಸಾಕಿತ್ತು. ಹೆಚ್ಚು ಹೊತ್ತು ಇದ್ದವರು ಇಬ್ಬರಾಗುತ್ತಿದ್ದೆವು, ಯಾರು ಬಾಯಿ ಬಿಟ್ಟರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ತಿಳಿದೂ ಎದ್ದು ಬಂದೆ. ಮುದುಕಿಗೆ ಏನು ಹೆದರಿಕೆ ಎನ್ನುವವರು ಒಮ್ಮೆ ಮುದುಕಿಯಾಗಿ ನೋಡಲಿ.

ಮರುದಿನ ಟಂಟಂ ಅವಳ ಮನೆ ಮುಂದೆ ನಿಲ್ಲಲಿಲ್ಲ. ಬುತ್ತಿ ಹಿಡಿದು ನಿಂತಿದ್ದಳು, ಕೈ ಎತ್ತಿದಳು. ದಾಟಿ ಹೋಯಿತು. ಶೆಡ್ಡಿಗೆ ಹೋಗಿ ನೋಡಿದರೆ ಕೋಲ್ಡಿನ ಹೊಸ ಹಿಡಿಕೆ ಇರಲಿಲ್ಲ, ಮೊಳೆಯ ತೂತುಗಳಿದ್ದವು. ಮುಕಾದಮ ನನ್ನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕುಳಿತ.

“ನೀ ಶಾಣ್ಯಾಕಿ ಬಿಡ ಆಯಿ. ಹೋದಿ, ಬಂದಿ. ನಿನ್ನ ಮೊಮ್ಮಗಳ ಹತ್ತನೇತ್ತ ಸಾಲಿ ಮುಗಿಸಿ ಮನ್ಯಾಗ ಕುಂತಾಳಂತಲ್ಲ? ಒಂದ ಜಾಗಾ ಖಾಲಿ ಆಗೇತಿ. ನಾಳಿ ಕರ್ಕೊಂಡ ಬಾ.” ಎದ್ದು ಎರಡು ಹೆಜ್ಜೆ ಹೋದವನು ತಿರುಗಿದ. “ಒಂದ ಶಾಲು ಕೊಟ್ಟ ಕಳಸು. ಒಳಗ ಥಂಡಿ ಇರತೈತಿ.”

ಮನೆಗೆ ಬಂದರೆ ಸೊಸೆ ಖುಷಿಯಲ್ಲಿದ್ದಳು. ಮುಕಾದಮ ಫೋನು ಮಾಡಿ ಅವಳಿಗೂ ಹೇಳಿದ್ದ.

“ಆಕಿ ಹೋಗಂಗಿಲ್ಲ” ಎಂದೆ.

“ಯಾಕ್ರಿ ಅತ್ತಿ? ನೀವು ದಿನಾ ಹೋಗೂದಿಲ್ಲೇನು?”

ಆಗ ಹೇಳಿದೆ, ಕೋಲ್ಡಿನದು, ಕುರ್ಚಿಯದು, ಬಿಸ್ಕೀಟಿನದು ಎಲ್ಲ. ರೊಟ್ಟಿ ಬಡಿಯುತ್ತಿದ್ದ ಸೊಸೆಯ ಕೈ ನಿಂತಿತು. “ಗೊತ್ತಿದ್ದೂ ಆಕಿ ಒಬ್ಬಾಕಿನ್ನ ಬಿಟ್ಟ ಬಂದ್ರ್ಯಾ?” ಎಂದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ಅಲ್ಲಿಂದ ಎದ್ದು, ನಾನು ಬಿಟ್ಟು ಬಂದವಳ ಮನೆಗೆ ಹೋದೆ. ಅಳುತ್ತಿದ್ದಾಳು ಎಂದುಕೊಂಡಿದ್ದೆ. ಅಳುತ್ತಿರಲಿಲ್ಲ, ಕೂಸಿನ ತಲೆ ಬಾಚುತ್ತಿದ್ದಳು.

“ಎಷ್ಟೊತ್ತ ಒಳಗಿದ್ದಿ ಆಯಿ?”

“ಕುಂಡಿ ಊರಲಿಲ್ಲ.”

“ಗೊತ್ತೈತಿ. ನಾ ಚಪ್ಪಲಿ ಮೆಟ್ಟೂದ್ರಾಗ ಹೊರಗ ಬಂದಿದ್ದಿ.”

ಬೆಳಗಾದ ಮೇಲೆ ಇಬ್ಬರೂ ಬಸ್ಸು ಹತ್ತಿ ಬಿಜಾಪುರಕ್ಕೆ ಹೋದೆವು. ಸೊಲ್ಲಾಪುರ ರಸ್ತೆಯಲ್ಲಿ ಆ ಹುಡುಗಿಯ ಆಫೀಸು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡಳು. ಕುರ್ಚಿ, ಮೊಬೈಲಿನ ಮಾತು ಬಂದಾಗ ಪೆನ್ನು ಬಿಟ್ಟಳು.

“ನಮಗ ಇದು ಹೊಳೀಲೇ ಇಲ್ರಿ ಆಯಿ.”

“ನಿಮ್ಮನ್ನ ಹಂಗ ಟೈಮ ಹಚ್ಚಿ ಯಾರ ಕಾಯತಾರ, ಹೊಳಿಯಾಕ?”

ಇದು ಮೇಲೆ ಹೋಗಬೇಕು, ಹೊರದೇಶದಿಂದ ಉತ್ತರ ಬರಬೇಕು, ಕಾಯಿರಿ ಎಂದಳು. ಹುಡುಗಿ ಕೆಟ್ಟವಳಲ್ಲ. ಆದರೆ ಉತ್ತರ ಇನ್ನೂ ಬಂದಿಲ್ಲ.

ನಾನು ಕೆಲಸ ಬಿಟ್ಟೆ. ಟಂಟಂ ಈಗಲೂ ನಮ್ಮ ಓಣಿಯಲ್ಲೇ ಹಾಯುತ್ತದೆ. ನಮ್ಮ ಮನೆ ಮುಂದೆ ಮುಕಾದಮ ಸಾವಕಾಶ ಮಾಡಿ ಹಾರ್ನು ಹೊಡೆದು ಹೋಗುತ್ತಾನೆ. ಮೊಮ್ಮಗಳು ಹೊರಗೆ ಬರುವುದು ಬಿಟ್ಟಿದ್ದಾಳೆ. ಮೊನ್ನೆ ನೋಡಿದೆ, ಟಂಟಂನಲ್ಲಿ ಆ ಕೂಸಿನ ತಾಯಿ ಕೂರುತ್ತಿದ್ದ ಜಾಗದಲ್ಲಿ ಹೊಸ ಹುಡುಗಿಯೊಬ್ಬಳು ಕುಳಿತಿದ್ದಳು. ಯಾವ ಊರಿನವಳೋ, ಯಾರ ಮಗಳೋ ಗೊತ್ತಿಲ್ಲ. ಟಂಟಂ ಹೋಗುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತದೆ. ನಾಳೆ ಕೂಸಿನ ತಾಯಿ, ನಾನು ಇಬ್ಬರೂ ಅಲ್ಲಿ ನಿಂತು ಆ ಹೊಸ ಹುಡುಗಿಗೆ ಕೋಲ್ಡಿನದೆಲ್ಲ ಹೇಳುವವರಿದ್ದೇವೆ. ಅವನ ಎದುರಿಗೇ ಹೇಳಬೇಕಾಗುತ್ತದೆ. ಬೇರೆ ಜಾಗವಿಲ್ಲ.